ಇನ್ನು ಯಾರನ್ನು ಮಾತಾಡಿಸಲಿ?

ಕ್ಯಾಸಿಮಿರ್ ನನ್ನನ್ನು ಕಾಫಿಗೆ ಕರೆದಾಗ ನಾನು ಅದನ್ನು ಹೋಂವರ್ಕ್ ಅಂದುಕೊಂಡೆ. ಹಾಗಂದುಕೊಳ್ಳಲು ಕಾರಣವಿತ್ತು. ಕಾರಣವಿಲ್ಲದೆ ನಾನು ಏನನ್ನೂ ಅಂದುಕೊಳ್ಳುವವಳಲ್ಲ. ನನ್ನ ಕಷ್ಟವೇ ಅದು.

ನಮ್ಮ ಸಂತ ಸಿರಿಲ್ ಚರ್ಚಿನ ನೆಲಮಾಳಿಗೆಯಲ್ಲಿ ಮಂಗಳವಾರ ಸಂಜೆ ಸಿಸ್ಟರ್ ಪರ್ಪೆತುವಾ ಒಂದು ತರಗತಿ ನಡೆಸುತ್ತಿದ್ದರು. ಚರ್ಚಿಗೆ ಹೋಗಿಬರುವ ನಮ್ಮಂಥ ಸಾಮಾನ್ಯ ಜನರನ್ನು ನಗರಸಭೆಯಲ್ಲಿ, ಶಾಲಾ ಮಂಡಳಿಯಲ್ಲಿ ಎದ್ದು ಮಾತಾಡುವಂತೆ ತಯಾರು ಮಾಡುವ ತರಗತಿ. "ಭಾನುವಾರ ಮೊಣಕಾಲೂರಿದ್ರೆ ಸಾಲದು ಕಣ್ರಪ್ಪಾ, ಸೋಮವಾರ ಎದ್ದು ನಿಲ್ಲಬೇಕು" ಅನ್ನುತ್ತಿದ್ದರು ಸಿಸ್ಟರ್. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. "ಕೊನೇ ಸಾಲು ಕಾಣುತ್ತಾ?" ಎಂದು ಗಿರಾಕಿಯನ್ನು ಕೇಳುವುದಕ್ಕೂ ಗಂಟಲು ಸರಿಮಾಡಿಕೊಳ್ಳುವವಳು.

ಆ ವಾರದ ಪಾಠ ಹೀಗಿತ್ತು. ಚರ್ಚಿನ ಯಾರಾದರೂ ಒಬ್ಬರ ಎದುರು ಅರ್ಧ ಗಂಟೆ ಕೂರಬೇಕು. ಸಲಹೆ ಕೊಡಬಾರದು, ಕೇಳಿಸಿಕೊಳ್ಳಬೇಕು. ನಿಮಗೆ ಸಿಟ್ಟು ಬರಿಸುವುದು ಯಾವುದು, ಯಾವುದಕ್ಕಾಗಿ ಹೋರಾಡುತ್ತೀರಿ ಎಂದು ವಿಚಾರಿಸಬೇಕು. ಕೊನೆಗೆ, ಮರೆಯದೆ, "ಇನ್ನು ನಾನು ಯಾರನ್ನು ಮಾತಾಡಿಸಲಿ?" ಎನ್ನಬೇಕು. ಆಮೇಲೆ ಗಟ್ಟಿಯಾಗಿ ಕೈಕುಲುಕಿ, ಬಿಟ್ಟು, ಹೊರಡಬೇಕು. ವಿದ್ಯಾರ್ಥಿಗಳಿಗೆ ಎಲ್ಲರೂ ಸಹಕರಿಸಿ ಎಂದು ಫಾದರ್ ಪೂಜೆಯ ಕೊನೆಯಲ್ಲಿ ಹೇಳಿಯೂ ಇದ್ದರು.

ಕ್ಯಾಸಿಮಿರ್‌ನದು ಚರ್ಚಿನ ಎದುರಿಗೇ ಕ್ಷೌರದ ಅಂಗಡಿ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ನಾವೆಲ್ಲ ಇಷ್ಟದ್ದೊಂದನ್ನು ಬಿಡುತ್ತೇವೆ, ಶುಕ್ರವಾರ ಮಾಂಸವನ್ನೂ; ಆ ಶುಕ್ರವಾರಗಳಲ್ಲಿ ಚರ್ಚಿನ ಮೀನೂಟಕ್ಕೆ ಮೀನು ಕರಿಯುವವನೂ ಅವನೇ. ಅವನ ಮುಂಗೈಗೆ ಅಂಟಿದ ಹಿಟ್ಟನ್ನು ನಾನು ಎಷ್ಟು ಶುಕ್ರವಾರ ಕದ್ದು ನೋಡಿದ್ದೆನೋ! ಆ ಶುಕ್ರವಾರ ನನ್ನ ತಟ್ಟೆಗೆ ದೊಡ್ಡ ತುಂಡನ್ನೇ ಇಟ್ಟು, ಬಾಣಲೆಯನ್ನು ನೋಡುತ್ತಾ ಕೇಳಿದ.

"ಟೆಕ್ಲಾ, ಗುರುವಾರ ನನ್ನ ಜೊತೆ ಕಾಫಿಗೆ ಬರ್ತೀರಾ?"

"ಬರ್ತೀನಿ" ಎಂದುಬಿಟ್ಟೆ. ಆಮೇಲೆ ಬುದ್ಧಿ ಬಂತು. ಇಂಥವನು ನನ್ನನ್ನು ಯಾಕೆ ಕರೆಯುತ್ತಾನೆ? ಪಾಪ, ಸಹಕರಿಸುತ್ತಿದ್ದಾನೆ.

ಗುರುವಾರ ಹೋದೆ. ಅವನು ಟೈ ಕಟ್ಟಿಕೊಂಡು ಬಂದಿದ್ದ. ನಾನೇ ಇಬ್ಬರಿಗೂ ಕಾಫಿ ಹೇಳಿದೆ. ಅವನು ಕಪ್ಪನ್ನು ಒಂದು ಗಳಿಗೆ ನೋಡಿ, ಎತ್ತಿ ಕುಡಿದ.

"ನಿಮಗೆ ಸಿಟ್ಟು ಬರಿಸೋದು ಯಾವುದು?" ಎಂದೆ.

"ಅಯ್ಯೋ, ಬಂದ ತಕ್ಷಣಾನೇ?" ನಕ್ಕ. ನಾನು ನಗಲಿಲ್ಲ, ಕೇಳಿಸಿಕೊಳ್ಳುತ್ತಿದ್ದೆ. ಅವನು ನಿಧಾನವಾಗಿ ಶುರು ಮಾಡಿದ. "ನಗರಸಭೆಯವರು ಬಸ್ ಸ್ಟಾಪಿನ ಬೆಂಚು ಕಿತ್ತುಕೊಂಡು ಹೋದ್ರಲ್ಲ, ಅದು. ಈಗ ಮುದುಕಿಯರೆಲ್ಲ ನನ್ನ ಅಂಗಡೀಲಿ ಕೂತು ಬಸ್ ಕಾಯ್ತಾರೆ. ಗಿರಾಕಿಗಳು ನಿಂತಿರ್ತಾರೆ. ಯುರ್ಕೋ ಅಜ್ಜಿ ದಿನಾ ಕೇಳ್ತಾಳೆ, 'ಊರಿಗೆಲ್ಲ ಕ್ರಾಪು ಮಾಡ್ತೀಯ, ನಿನಗೆ ಮದುವೆ ಮಾಡೋರು ಯಾರೋ?' ಅಂತ."

ಆಮೇಲೆ ಅವನ ಮಾತು ನಿಲ್ಲಲೇ ಇಲ್ಲ. ತಂದೆ ತೀರಿಕೊಂಡದ್ದು, ಒಬ್ಬನೇ ಕೂತು ಸೂಪು ಕುಡಿಯುವುದು, ಎಲ್ಲ ಹೇಳಿದ. "ದಿನವಿಡೀ ಊರವರ ಮಾತು ಕೇಳೋನು ನಾನು. ನನ್ನನ್ನ ಯಾರೂ ಹೀಗೆ ಕೇಳಿರಲಿಲ್ಲ, ಟೆಕ್ಲಾ."

ಅವನ ಕಣ್ಣು ಹೊಳೆಯುತ್ತಿತ್ತು. ನಾನು ಗಡಿಯಾರ ನೋಡಿದೆ. ಅರ್ಧ ಗಂಟೆ ಆಗಿತ್ತು.

"ತುಂಬಾ ಸಂತೋಷ. ಇನ್ನು ನಾನು ಯಾರನ್ನು ಮಾತಾಡಿಸಲಿ?"

"ಅಂದ್ರೆ?"

"ನಿಮ್ಮ ಪರಿಚಯದಲ್ಲಿ. ಒಬ್ಬರೇ ಆದ್ರೆ ಸಾಲಲ್ಲ."

ಅವನ ಮುಖ ಇಳಿಯಿತು. ಟೈ ಸಡಿಲ ಮಾಡಿಕೊಂಡ. ಒಳ್ಳೆಯವನು, ಆಗಲೂ ಯೋಚಿಸಿಯೇ ಹೇಳಿದ. "ನನ್ನ ದೊಡ್ಡಪ್ಪನ ಮಗ ಇದಾನೆ. ಟೈರ್ ಅಂಗಡಿ. ಹೆಂಡತಿ ತೀರಿಕೊಂಡಿದಾಳೆ. ಸ್ವಂತ ಮನೆ."

ನಾನು ಗಟ್ಟಿಯಾಗಿ ಕೈಕುಲುಕಿ, ಬಿಟ್ಟು, ಹೊರಟೆ.

ಮಂಗಳವಾರ ತರಗತಿಯಲ್ಲಿ ವರದಿ ಒಪ್ಪಿಸಿದೆ. ಸಿಸ್ಟರ್ ಕಣ್ಣು ಕಿರಿದು ಮಾಡಿದರು.

"ಯಾರು ಯಾರನ್ನ ಕರೆದದ್ದು?"

"ಅವರೇ ನನ್ನನ್ನ."

"ಕಾಫಿ ಕುಡಿದನಾ?"

"ಎರಡು ಕಪ್, ಸಿಸ್ಟರ್."

ಹಿಂದಿನ ಸಾಲಿನಲ್ಲಿ ಯುರ್ಕೋ ಅಜ್ಜಿ ಶಿಲುಬೆಯ ಗುರುತು ಹಾಕಿಕೊಂಡಳು.

"ಈ ತಪಸ್ಸುಕಾಲಕ್ಕೆ ಅವನು ಬಿಟ್ಟಿರೋದೇ ಕಾಫಿ ಕಣೇ ಹುಡುಗಿ! ಅಂಗಡೀಲಿ ನಮಗೆ ಕಾಯಿಸಿ ಕೊಡ್ತಾನೆ, ತಾನು ಬರೀ ವಾಸನೆ ನೋಡ್ತಾನೆ."

ಸಿಸ್ಟರ್ ಮೆಲ್ಲನೆ ಕನ್ನಡಕ ತೆಗೆದರು. "ಟೆಕ್ಲಾ, ಮಗಳೇ. ಅದು ನಾನು ಕೊಟ್ಟ ಪಾಠ ಅಲ್ಲ."

ಎಲ್ಲ ಒಟ್ಟಿಗೆ ತಲೆಗೆ ಹೊಳೆಯಿತು. ಟೈ, ಮೀನಿನ ತುಂಡು, ಟೈರ್ ಅಂಗಡಿ. ಸುಮ್ಮನೆ ಸಿಕ್ಕಿದ್ದನ್ನು ನಾನೇ ಕೈಕುಲುಕಿ ಕಳಿಸಿಕೊಟ್ಟಿದ್ದೆ.

"ಅವನ ಅಂಗಡಿಗೆ ಹೋಗಿ ಹೇಳಲಾ?"

"ಅಲ್ಲಿ ಮುದುಕಿಯರು ಕೂತಿರ್ತಾರಲ್ಲ," ಎಂದಳು ಯುರ್ಕೋ ಅಜ್ಜಿ, ತಾನೂ ಅವರಲ್ಲಿ ಒಬ್ಬಳೆಂಬುದನ್ನೇ ಮರೆತು.

ಮರುದಿನ ಸಂಜೆ ನಗರಸಭೆಯಲ್ಲಿ ತರಗತಿಯ ಪರವಾಗಿ ಬೆಂಚಿನ ಬಗ್ಗೆ ಮಾತಾಡುವ ಸರದಿ ನನ್ನದು. ಎರಡು ನಿಮಿಷ, ಆಮೇಲೆ ಗಂಟೆ ಹೊಡೆದು ನಿಲ್ಲಿಸುತ್ತಾರೆ. ಹಿಂದಿನ ಗೋಡೆಗೆ ಒರಗಿ ಕ್ಯಾಸಿಮಿರ್ ನಿಂತಿದ್ದ. ಅಜ್ಜಿಯರನ್ನು ವ್ಯಾನಿನಲ್ಲಿ ಕರೆತಂದವನು ಅವನೇ. ನನ್ನ ಕಡೆ ನೋಡುತ್ತಿರಲಿಲ್ಲ.

"ಬೆಂಚಿಲ್ಲದೆ ವಯಸ್ಸಾದೋರು ಕ್ಷೌರದ ಅಂಗಡೀಲಿ ಕೂರ್ತಾರೆ," ಎಂದು ಶುರು ಮಾಡಿದೆ. "ಆ ಅಂಗಡಿಯವರು ಒಬ್ಬರನ್ನೂ ಎಬ್ಬಿಸಿದೋರಲ್ಲ. ತಾವು ಬಿಟ್ಟಿರೋ ಕಾಫೀನ ಅವರಿಗೆ ಕಾಯಿಸಿ ಕೊಡ್ತಾರೆ. ಅಂಥವರಿಗೆ ನಾನು ಅನ್ಯಾಯ ಮಾಡಿದೀನಿ."

ಅಧ್ಯಕ್ಷೆ ತಲೆ ಎತ್ತಿದರು. "ಇದು ಬೆಂಚಿನ ವಿಷಯಾನೇನಮ್ಮಾ?"

"ಅರ್ಧ, ಮೇಡಂ." ಸಭೆ ಗೊಳ್ಳೆಂದಿತು. ಇನ್ನು ನಿಲ್ಲುವಂತಿರಲಿಲ್ಲ. "ಅವರು ಕರೆದದ್ದು ಕಾಫಿಗೆ, ನಾನು ಹೋದದ್ದು ಪಾಠಕ್ಕೆ. ಇನ್ನೊಂದು ಸಲ ಕರೆದ್ರೆ ಪಾಠ ಬಿಟ್ಟು ಬರೀ ನಾನು ಹೋಗ್ತೀನಿ. ಬೆಂಚು ದಯವಿಟ್ಟು ವಾಪಸ್ ಹಾಕಿ."

ಗಂಟೆ ಹೊಡೆಯಿತು.

"ಬೆಂಚನ್ನು ಮುಂದಿನ ಸಭೆಯಲ್ಲಿ ಪರಿಗಣಿಸ್ತೀವಿ," ಎಂದರು ಅಧ್ಯಕ್ಷೆ. "ಉಳಿದ ಅರ್ಧ ನಮ್ಮ ವ್ಯಾಪ್ತಿಗೆ ಬರಲ್ಲ."

ನಾನು ಮುಖ ಮುಚ್ಚಿಕೊಂಡು ಹೊರಗೆ ಓಡಿದೆ. ಮೆಟ್ಟಿಲ ಮೇಲೆ ಕೂತಿದ್ದಾಗ ಪಕ್ಕದಲ್ಲಿ ಯಾರೋ ಬಂದು ಕೂತರು. ಶೇವಿಂಗ್ ಸೋಪಿನ ಪರಿಮಳ.

"ನಿಮಗೆ ಸಿಟ್ಟು ಬರಿಸೋದು ಯಾವುದು?" ಎಂದ ಕ್ಯಾಸಿಮಿರ್, ಬಹಳ ಗಂಭೀರವಾಗಿ.

"ನಾನೇ."

"ಯಾವುದಕ್ಕಾಗಿ ಹೋರಾಡ್ತೀರಿ?"

"ಈಗ ತಾನೇ ಹೋರಾಡಿ ಬಂದೆ. ಊರೆಲ್ಲ ನಗ್ತಿದೆ."

"ನಾನು ನಗ್ತಿಲ್ಲ." ನಗುತ್ತಲೇ ಇದ್ದ. ಆಮೇಲೆ ಅವನ ಧ್ವನಿ ತಗ್ಗಿತು. "ಕೊನೇದು ಒಂದು ಉಳಿದಿದೆ. ಇನ್ನು ನಾನು ಯಾರನ್ನು ಮಾತಾಡಿಸಲಿ, ಟೆಕ್ಲಾ?"

"ಯಾರನ್ನೂ ಬೇಡ," ಎಂದೆ. ಆಶ್ಚರ್ಯ, ಗಂಟಲು ಸರಿಮಾಡಿಕೊಳ್ಳಲೇ ಇಲ್ಲ. "ಟೈರ್ ಅಂಗಡಿಯವರಿಗೂ ಹೇಳಿಬಿಡಿ."

ಅವನು ಕೈ ಚಾಚಿದ. ಗಟ್ಟಿಯಾಗಿ ಹಿಡಿಯಬೇಕು, ಆಮೇಲೆ ಬಿಡಬೇಕು ಎಂದು ಸಿಸ್ಟರ್ ಕಲಿಸಿದ್ದರು.

ನಾನು ಪಾಠದ ಮೊದಲರ್ಧವನ್ನಷ್ಟೇ ಪಾಲಿಸಿದೆ.