ಸುಣ್ಣದ ಗೋಡೆ

"ಏಯ್, ಗೋಡೆ ದಾಟ್ಕೊಂಡು ಬತ್ತೀಯಲ್ಲ! ಬಾಗ್ಲು ಆ ಕಡೆ ಅದೆ. ಸುತ್ಕೊಂಡು ಬಾ."

ಚಂದನ ಬಿಳಿ ಗೆರೆಯ ಮುಂದೆ ಒಂಟಿಕಾಲಲ್ಲಿ ನಿಂತುಬಿಟ್ಟಳು. ಅಜ್ಜಿ ಬೆಟ್ಟಮ್ಮ ತಮಾಷೆ ಮಾಡುತ್ತಿರಲಿಲ್ಲ. ಶಾಲೆಯ ಮೈದಾನದಲ್ಲಿ ಸುಣ್ಣದ ಪುಡಿಯಲ್ಲಿ ಎಳೆದ ಆ ಗೆರೆಗಳು ಅವಳಿಗೆ ಆಗಲೇ ಮನೆಯಾಗಿಬಿಟ್ಟಿದ್ದವು.

ಮಂಡ್ಯದ ಅವರ ಹಳೇ ಕ್ವಾರ್ಟರ್ಸಿನಲ್ಲಿ ಮಳೆ ಬಂದರೆ ಮನೆಮನೆಯಲ್ಲೂ ಬಕೆಟ್ ಇಡಬೇಕು. ಅದನ್ನು ಕೆಡವಿ ಅಲ್ಲೇ ಹೊಸ ಮನೆ ಕಟ್ಟುತ್ತಾರಂತೆ. ಮಣ್ಣಿನ ಬ್ಲಾಕಿನ ತಂಪು ಗೋಡೆ, ಸೋಲಾರ್ ಬಿಸಿನೀರು, ಮಳೆನೀರಿಗೆ ತೊಟ್ಟಿ, ಎಲ್ಲಾ ಇರುತ್ತವಂತೆ. ಕಟ್ಟುವ ಮೊದಲು ಎಂಜಿನಿಯರ್ ವನಜಾ ಮೇಡಂ ಮನೆಗಳನ್ನು ನಿಜವಾದ ಅಳತೆಯಲ್ಲೇ ನೆಲದ ಮೇಲೆ ಬರೆಸಿದ್ದರು.

"ಒಳಗೆ ಓಡಾಡಿ ನೋಡಿ. ಏನಾದ್ರೂ ಸಾಲದಿದ್ರೆ ನಾಳೆಯೊಳಗೆ ಹೇಳಿ. ಆಮೇಲೆ ಬದಲಾಯ್ಸಕ್ಕೆ ಆಗಲ್ಲ" ಅಂದರು ಮೇಡಂ.

ಬೆಟ್ಟಮ್ಮ ಅಡುಗೆಮನೆಗೆ ಹೋಗಿ ಕಾಲು ಚಾಚಿ ಕೂತಳು. ಬಸ್ ಸ್ಟ್ಯಾಂಡ್ ಹತ್ತಿರದ ಮೆಸ್ಸಿಗೆ ದಿನಾ ಮುದ್ದೆ ಮಾಡಿಕೊಡುವವಳು ಅವಳೇ. ದೊಡ್ಡ ಪಾತ್ರೆಯನ್ನು ನೆಲದ ಮೇಲಿಟ್ಟು, ಅದು ಅಲುಗದಂತೆ ಕವೆಗೋಲು ಸಿಕ್ಕಿಸಿ, ಆ ಕೋಲನ್ನು ಎರಡೂ ಪಾದದಲ್ಲಿ ಒತ್ತಿ ಹಿಡಿದು, ಮುದ್ದೆಕೋಲಿನಲ್ಲಿ ತಿರುವುತ್ತಾಳೆ. ಒಂದು ಗಂಟೂ ಇರುವುದಿಲ್ಲ. ಅಷ್ಟು ಹಿಟ್ಟನ್ನು ನಿಂತುಕೊಂಡು ತಿರುವಲು ಅವಳಿಂದ ಆಗದು.

ಈಗ ಅವಳ ಪಾದಗಳು ಗೆರೆಯ ಆಚೆ ಇದ್ದವು.

"ಅಜ್ಜಿ ಹೊಸಾ ಗೋಡೆನ ಒದ್ದು ಬೀಳಿಸ್ಬುಟ್ರು!" ಅಂತ ಯಾರೋ ಕೂಗಿದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಜ್ಜಿಯೂ ನಕ್ಕಳು.

ಮನೆಗೆ ಹೋಗುವಾಗ ಮಾತ್ರ ಅವಳ ಮುಖ ಸಪ್ಪಗಿತ್ತು. "ಇನ್ನು ಮುದ್ದೆಕೋಲು ಅಟ್ಟಕ್ಕೆ ಹಾಕೋದೇಯಾ" ಅಂದಳು.

"ಮೇಡಂಗೆ ಹೇಳಜ್ಜಿ."

"ಏನಂತ ಹೇಳ್ಲಿ? ಬುಡು ಅತ್ಲಾಗೆ."

ಚಂದನಳಿಗೆ ಬಿಡಲು ಆಗಲಿಲ್ಲ. ಸಂಜೆ ಮೈದಾನ ಖಾಲಿಯಾದ ಮೇಲೆ ಒಬ್ಬಳೇ ಹೋದಳು. ಅಡುಗೆಮನೆಯ ಗೆರೆಯನ್ನು ಕಾಲಲ್ಲಿ ಉಜ್ಜಿ ಅಳಿಸಿದಳು. ಮೂಲೆಯ ಚೀಲದಿಂದ ಪುಡಿ ತಂದು ಒಂದು ಮೊಳ ಆಚೆಗೆ ಹೊಸ ಗೆರೆ ಎಳೆದಳು. ಆಚೆಯದು ಗೆಳತಿ ಅಸ್ಫಿಯಾ ಮನೆ ಅಂತ ಅವಳಿಗೆ ಗೊತ್ತಿತ್ತು. ಆದರೆ ಅಲ್ಲಿ ಬರೀ ಮಣ್ಣು ಕಾಣುತ್ತಿತ್ತು. ಬೇಕಾದಷ್ಟು ಜಾಗ ಇದೆ ಅನ್ನಿಸಿತು.

ಮಾರನೇ ದಿನ ಅಸ್ಫಿಯಾಳ ಅಬ್ಬಾ ಮೆಹಬೂಬ್ ಪಾಷಾ ತಳ್ಳುಗಾಡಿಯಲ್ಲಿ ಹೊಲಿಗೆ ಮಿಷಿನ್ನನ್ನೇ ತಂದರು. ಇಟ್ಟು ನೋಡದೆ ಒಪ್ಪುವುದಿಲ್ಲ ಅಂತ ಅವಳ ಅಮ್ಮಿ ಶಮೀಮ್ ಬಾನು ಹಟ ಹಿಡಿದಿದ್ದರು.

"ಮಂಚ ಇಲ್ಲಿ!" ಅಂತ ಅಸ್ಫಿಯಾ ಮಣ್ಣಲ್ಲೇ ಉದ್ದಕ್ಕೆ ಮಲಗಿದಳು.

ಮಂಚಕ್ಕೂ ಗೋಡೆಗೂ ನಡುವೆ ಮಿಷಿನ್ನೇನೋ ಕೂತಿತು. ಶಮೀಮ್ ಬಾನು ಸ್ಟೂಲ್ ಇಡಲು ಹೋದರೆ ಅದರ ಕಾಲು ಅಸ್ಫಿಯಾಳ ಹೊಟ್ಟೆಗೆ ಒತ್ತಿತು.

"ಸರಿಯಾಗೇ ಅಳೆದಿದ್ದೆನಲ್ಲ!" ಅಂತ ವನಜಾ ಮೇಡಂ ಬ್ಯಾಗಿನಲ್ಲಿ ಟೇಪ್ ಹುಡುಕತೊಡಗಿದರು.

"ಹೋಗ್ಲಿ ಬಿಡಿ ಮೇಡಂ. ಮಿಷಿನ್ ಮಾರ್ಬಿಡ್ತೀವಿ" ಅನ್ನುತ್ತಾ ಶಮೀಮ್ ಬಾನು ಮಿಷಿನ್ನಿನ ಮೇಲಿನ ಧೂಳನ್ನು ದುಪಟ್ಟಾದಲ್ಲಿ ಒರೆಸಿದರು.

ಚಂದನ ತನ್ನ ಸ್ಕರ್ಟ್ ನೋಡಿಕೊಂಡಳು. ಗಿಡ್ಡ ಆಗಿದೆ ಅಂತ ಮೊನ್ನೆ ತಾನೇ ಶಮೀಮ್ ಆಂಟಿ ಅಂಚು ಬಿಚ್ಚಿ ಹೊಲಿದುಕೊಟ್ಟಿದ್ದರು.

"ಆಂಟಿ, ಗೆರೆ ಸರಿಸಿದ್ದು ನಾನು."

ಅಸ್ಫಿಯಾ ಎದ್ದು ಕೂತಳು. "ನಮ್ಮನೆ ಒಳಕ್ಕಾ?"

"ಅಜ್ಜಿ ಕಾಲಿಗೆ ಜಾಗ ಇರ್ಲಿಲ್ಲ ಕಣೇ."

"ಮತ್ತೆ ನಮ್ಮ ಅಮ್ಮಿಗೆ?"

ಅಷ್ಟರಲ್ಲಿ ಬೆಟ್ಟಮ್ಮ ಧಾವಿಸಿ ಬಂದಳು. "ಎಂಥಾ ಕೆಲ್ಸ ಮಾಡ್ದೆ ಮಗಾ! ಶಮೀಮಾ, ಬೇಜಾರ್ ಮಾಡ್ಕಬ್ಯಾಡ ಕಣವ್ವ."

"ಅಜ್ಜಿ, ನಿನ್ನೆ ಯಾಕೆ ಹೇಳ್ಲಿಲ್ಲ?" ಅಂದರು ಮೇಡಂ.

"ಎಲ್ರೂ ನಗ್ತಿದ್ರಲ್ಲ ಕಣವ್ವ. ನಾನೂ ನಕ್ಬುಟ್ಟೆ."

ನಿನ್ನೆ ನಕ್ಕವರಲ್ಲಿ ಮೇಡಂ ಕೂಡ ಇದ್ದರು. ಅವರು ಬೆಟ್ಟಮ್ಮನ ಅಡುಗೆಮನೆಗೆ ಹೋಗಿ ನಿಂತರು.

"ಗೋಡೆ ಸರಿಸಕ್ಕಾಗಲ್ಲ ಅಜ್ಜಿ. ಇರೋ ಜಾಗವೇ ಇಷ್ಟು. ಈ ಅಡುಗೆ ಕಟ್ಟೆ ಅರ್ಧ ತೆಗೆದ್ರೆ?"

"ಒಲೆಗೊಂದು ಚೂರು ಬುಟ್ರೆ ಸಾಕು. ಮಿಕ್ಕಿದ್ದು ಯಾರಿಗ್ ಬೇಕು?"

ಮೇಡಂ ಕಟ್ಟೆಯ ಗೆರೆಯನ್ನು ಅರ್ಧ ಅಳಿಸಿದರು. ಬೆಟ್ಟಮ್ಮ ಆ ಕಡೆಗೆ ತಿರುಗಿ ಕಾಲು ಚಾಚಿದಳು. ಪಾದದ ಮುಂದೆ ಇನ್ನೂ ಒಂದು ಗೇಣು ಜಾಗ ಮಿಕ್ಕಿತು. ಅಜ್ಜಿಯ ಮುಖ ಅರಳಿತು.

ಮೇಡಂ ಪುಡಿಯ ಡಬ್ಬಿಯನ್ನೂ ಗೆರೆ ನೇರ ಬರಲು ಹಿಡಿಯುವ ಹಗ್ಗವನ್ನೂ ಚಂದನಳ ಕೈಗೆ ಕೊಟ್ಟರು. "ಗೋಡೆ ಎಲ್ಲಿತ್ತೋ ಅಲ್ಲಿಗೇ ತಾ."

ಹಳೇ ಗೆರೆಯ ಗುರುತು ಮಸುಕಾಗಿತ್ತು. ಚಂದನ ಬಗ್ಗಿ ಹುಡುಕಿದಳು. ಅಸ್ಫಿಯಾ ಕೈಕಟ್ಟಿ ನೋಡುತ್ತಲೇ ಇದ್ದಳು. ಕೊನೆಗೆ, "ಸೊಟ್ಟ ಹೋಗ್ತಿದೆ ಕಣೇ" ಅಂತ ಬಂದು ಹಗ್ಗದ ಒಂದು ತುದಿ ಹಿಡಿದುಕೊಂಡಳು.

ಗೆರೆ ಮುಗಿಯಿತು. ಶಮೀಮ್ ಬಾನು ಸ್ಟೂಲ್ ಎಳೆದು ಕೂತರು. ಸರಿಹೋಯಿತು.

"ಬಾರೇ, ನಮ್ಮನೆ ನೋಡು" ಅಂತ ಅಸ್ಫಿಯಾ ಕರೆದಳು.

ನಡುವೆ ಇದ್ದದ್ದು ಒಂದೇ ಒಂದು ಗೆರೆ. ಒಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಚಂದನ ಇಡಲಿಲ್ಲ. ಅಜ್ಜಿಯ ಬಾಗಿಲಿಂದ ಹೊರಗೆ ಬಂದು, ಗೋಡೆಯ ಉದ್ದಕ್ಕೂ ಸುತ್ತಿ, ಅಸ್ಫಿಯಾ ಮನೆಯ ಬಾಗಿಲಿಗೆ ಬಂದಳು. ಅಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದಳು.