ಎಪ್ಪತ್ತು ಸೆಂಟಿಮೀಟರಿನ ಬಾಗಿಲು

ಗಾಜಿಗೆ ಎರಡು ಸಾವಿರದ ನೂರು ಯೂರೋ. ಕಬ್ಬಿಣದ ಸ್ಟ್ಯಾಂಡಿಗೆ ಒಂಬೈನೂರು. ಪಂಪು, ಪೈಪು, ವಾಲ್ವು ಸೇರಿ ಆರುನೂರ ಇಪ್ಪತ್ತು. ಕೂಲಿ ಬೇರೆ.

ಹಿಸ್ಕೆ ಚೀಟಿಯನ್ನು ಸಿಬ್ರೆನ್‌ನ ಅಡುಗೆಮನೆಯ ಮೇಜಿನ ಮೇಲಿಟ್ಟಳು. ನೆದರ್ಲೆಂಡ್ಸಿನ ಲೇವಾರ್ಡನ್ ಊರಿನಲ್ಲಿ ದೊಡ್ಡ ಅಕ್ವೇರಿಯಂ ಕಟ್ಟಿಕೊಡುವುದು ಅವಳ ಕೆಲಸ. ಇಷ್ಟು ಲೆಕ್ಕ ನೋಡಿದ ಮೇಲೆ ಹತ್ತರಲ್ಲಿ ಎಂಟು ಜನ ಕಾಫಿ ಕುಡಿಸಿ ಕಳಿಸಿಬಿಡುತ್ತಾರೆ.

ಸಿಬ್ರೆನ್ ಚೀಟಿಯತ್ತ ನೋಡಲೇ ಇಲ್ಲ. ಮೂಲೆಯಲ್ಲಿದ್ದ ಚಿಕ್ಕ ತೊಟ್ಟಿ ತೋರಿಸಿದ. ಅದರೊಳಗೆ ನಾಲ್ಕು ಆಸ್ಕರ್ ಮೀನು, ಒಂದೊಂದೂ ಮುಂಗೈ ಉದ್ದ.

"ತೀರಿಕೊಂಡ ನನ್ನ ತಮ್ಮ ಸಾಕಿದ್ದು. ಇವು ತಿರುಗೋಕೆ ಒದ್ದಾಡೋದನ್ನ ನೋಡ್ತಾನೇ ನಾನು ಒಂದು ವರ್ಷದಿಂದ ಊಟ ಮಾಡ್ತಿದ್ದೀನಿ."

ಹಿಸ್ಕೆ ಕುರ್ಚಿ ಎಳೆದುಕೊಂಡು ಕೂತಳು.

ಗುರುವಾರ ಗುರುವಾರ ನಕ್ಷೆ ಬೆಳೆಯಿತು. ಎರಡೂವರೆ ಮೀಟರ್ ಉದ್ದ, ಎಂಬತ್ತು ಸೆಂಟಿಮೀಟರ್ ಅಗಲ, ಎಪ್ಪತ್ತೈದು ಎತ್ತರ. ಹಿಂದಿನ ಗಾಜಿಗೆ ಎರಡು ತೂತು... ಒಂದು ಕಟ್ಟಿಕೊಂಡರೆ ನೀರು ಇನ್ನೊಂದರಲ್ಲಿ ಇಳಿಯಬೇಕು. ಅವನು ಸಕ್ಕರೆ ಬ್ರೆಡ್ಡಿಗೆ ಬೆಣ್ಣೆ ಸವರಿ ಅವಳ ಮುಂದಿಡುತ್ತಿದ್ದ. ಅವಳು ತನ್ನ ಕಥೆ ಹೇಳಿದಳು: ಗಂಡ ಬಿಟ್ಟುಹೋದಾಗ ದೀಪಗಳನ್ನೂ ನೆಲದ ಹಾಸನ್ನೂ ಬಿಚ್ಚಿಕೊಂಡು ಹೋಗಿದ್ದ, ಇನ್ನು ತನ್ನ ಮನೆಗೆ ಯಾವ ಗಂಡಸನ್ನೂ ಸೇರಿಸುವುದಿಲ್ಲ.

ಹೇಳಿದ್ದೇನೋ ಹೇಳಿದಳು. ಆದರೆ ಬುಧವಾರ ರಾತ್ರಿಯೇ ಅಂಗಿ ಆರಿಸಿಡುವ ಹಾಗಾಯಿತು... ನಲವತ್ತೊಂದನೇ ವಯಸ್ಸಿನಲ್ಲಿ!

ಐದನೇ ಗುರುವಾರ ಅವನು ಅಗಲದ ಎಂಬತ್ತನ್ನು ಅಳಿಸಿ ಅರವತ್ತೆಂಟು ಎಂದು ಬರೆದಿದ್ದ. ಪೈಪುಗಳನ್ನು ಅಂಟಿಸುವುದು ಬೇಡ, ತಿರುಪಿನ ಜೋಡಣೆ ಇರಲಿ, ಬೇಕಾದಾಗ ಬಿಚ್ಚಬಹುದು ಎಂದ.

ಹಿಸ್ಕೆ ಪೆನ್ಸಿಲ್ ಕೆಳಗಿಟ್ಟಳು. ಬಿಚ್ಚಿಕೊಂಡು ಹೊರಡುವವರು ಕೇಳುವ ಮಾತಿದು. ಅವನ ಬಾಗಿಲು ತೊಂಬತ್ತು ಸೆಂಟಿಮೀಟರ್. ಹಾಗಿದ್ದರೆ ಅರವತ್ತೆಂಟು ಯಾರ ಮನೆಗೆ?

ಕೇಳಿದಳು. ಅವನ ಕಿವಿ ಕೆಂಪಾಯಿತು, ಇನ್ನೊಂದು ಬ್ರೆಡ್ಡಿಗೆ ಬೆಣ್ಣೆ ಸವರತೊಡಗಿದ.

ಯಾರೋ ಇದ್ದಾಳೆ... ಅವಳು ನಕ್ಷೆ ಮುಗಿಸಿ ಅಂಚೆಗೆ ಹಾಕಿದಳು. ಕೆಲಸಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಒಂದು ಸಾಲು ಬರೆದಳು.

ಮೂರು ವಾರ ಮಂಜು ಕರಗಲಿಲ್ಲ. ಸಿಬ್ರೆನ್ ಅವಳ ವರ್ಕ್‌ಶಾಪಿಗೆ ಬಂದಾಗ ಅವನ ಕೈಯಲ್ಲಿ ಅದೇ ನಕ್ಷೆಯಿತ್ತು. ತಾನಿರುವ ಬಾಡಿಗೆ ಮನೆಯನ್ನು ಮಾಲೀಕ ಕೆಡವಿಸುತ್ತಿದ್ದಾನೆ, ಮಾರ್ಚಿಗೆ ಖಾಲಿ ಮಾಡಬೇಕು ಎಂದ. ಆಮೇಲೆ ನಕ್ಷೆಯ ಅರವತ್ತೆಂಟರ ಮೇಲೆ ಬೆರಳಿಟ್ಟ.

"ನೀವು ನಮ್ಮನೇಲಿ ಮರೆತ ಅಳತೆ ಟೇಪು ವಾಪಸ್ ಕೊಡೋಕೆ ನಿಮ್ಮನೆಗೆ ಬಂದಿದ್ದೆನಲ್ಲ... ಆವತ್ತು ಅದರಲ್ಲೇ ನಿಮ್ಮ ಮನೆ ಬಾಗಿಲು ಅಳೆದೆ. ಎಪ್ಪತ್ತಿದೆ. ಯಾವ ಗಂಡಸನ್ನೂ ಸೇರಿಸಲ್ಲ ಅಂದವರ ಹತ್ರ, ನಾನೂ ಬರ್ಲಾ ಅಂತ ಹೇಗೆ ಕೇಳೋದು ಗೊತ್ತಾಗಲಿಲ್ಲ."

ಹಿಸ್ಕೆ ಅಂಟಿನ ಡಬ್ಬಿಯ ಮುಚ್ಚಳ ಒರೆಸಿ ಬಿಗಿದಳು.

"ಬಾಗಿಲು ಅಳೆದ್ರಿ. ನೆಲ ನೋಡಿದ್ರಾ? ಕಾಲುವೆ ಪಕ್ಕದ ಹಳೇ ಹಲಗೆ. ನೀರೊಂದೇ ಸಾವಿರದ ಇನ್ನೂರು ಕಿಲೋ ಮೇಲಾಗುತ್ತೆ. ನೆಲ ಕುಸಿದು ನಿಮ್ಮ ಮೀನಿನ ಜೊತೆ ನಾವಿಬ್ಬರೂ ಕಾಲುವೆಗೆ ಹೋಗ್ತೀವಿ."

ಅವನು ನಕ್ಷೆ ಮಡಚಿದ.

ಹೊಸ ಫ್ಲ್ಯಾಟ್ ಹಿಡಿದರೆ ಕಾಂಕ್ರೀಟ್ ನೆಲ ಸಿಗುತ್ತದೆ, ಮೀನು ಉಳಿಯುತ್ತವೆ ಎಂದು ಅವಳೇ ಹೇಳಿದಳು. ಅದನ್ನು ಮುಚ್ಚಿಟ್ಟು ಒಬ್ಬನನ್ನು ಉಳಿಸಿಕೊಳ್ಳುವುದು ಅವಳಿಗೆ ಬೇಕಿರಲಿಲ್ಲ.

"ಅವು ನನ್ನ ತಮ್ಮನವು," ಅಂದ ಸಿಬ್ರೆನ್. "ನನಗೋಸ್ಕರ ಅಂತ ನಾನು ಕೇಳ್ತಿರೋದು ನಿಮ್ಮ ಜೊತೆ ಇರೋದೊಂದೇ."

ಫೆಬ್ರವರಿಯಲ್ಲಿ ದ್ರಾಕ್ಟನ್ ಊರಿನ ನಿವೃತ್ತ ಮೇಷ್ಟ್ರೊಬ್ಬರು ಆಸ್ಕರ್ ಮೀನುಗಳನ್ನು ತೆಗೆದುಕೊಂಡು ಹೋದರು. ಅವರ ತೊಟ್ಟಿ ಮೂರು ಮೀಟರಿನದು. ಸಿಬ್ರೆನ್ ಮೀನು ಸಾಗಿಸಿದ ಖಾಲಿ ಡ್ರಮ್ಮುಗಳೊಂದಿಗೆ ಹಿಸ್ಕೆಯ ಮನೆ ಮುಂದೆ ಬಂದು ನಿಂತ.

"ಊಟ ಆಯ್ತಾ?"

"ಬೇಡ... ಇವತ್ತು ಮಾತಾಡೋಕೂ ಆಗಲ್ಲ."

"ಮಾತಾಡಬೇಡ. ಒಳಗೆ ಬಾ, ಸಿಬ್ರೆನ್."

ಅವರು ಆ ದೊಡ್ಡ ತೊಟ್ಟಿ ಕಟ್ಟಲೇ ಇಲ್ಲ. ತಮ್ಮ ಬಿಟ್ಟುಹೋದ ನಾಲ್ಕು ಮೀನು ಸಿಬ್ರೆನ್‌ನ ಕೈ ಬಿಟ್ಟುಹೋದವು. ಹಿಸ್ಕೆಯ ಮನೆಯಲ್ಲಿ ಅಂದಿನಿಂದ ಇಬ್ಬರು.