ಸದ್ದಿಲ್ಲದ ಕೋಣೆಯ ದನಿ

"ಬಾಗಿಲ ಹತ್ತಿರ ಯಾರೋ ನಿಂತಿದ್ದಾರೆ."

ಹೆಂಗಸಿನ ದನಿ. ಮೆಲ್ಲಗೆ, ಕಿವಿಯ ಪಕ್ಕದಲ್ಲೇ ಹೇಳಿದಂತೆ...

ಆ ದನಿ ಕೇಳಿಸಿಕೊಂಡವಳೇ ಬಾಗಿಲ ಹತ್ತಿರ ನಿಂತಿದ್ದಳು!

ಕೋಣೆಯಲ್ಲಿ ಬೇರೆ ಹೆಂಗಸೇ ಇರಲಿಲ್ಲ. ಗೋಡೆಗಳಿಂದ, ಮೇಲ್ಚಾವಣಿಯಿಂದ ಬೂದು ಸ್ಪಂಜಿನ ಮೊನೆಗಳು ಹಲ್ಲುಗಳಂತೆ ಒಳಕ್ಕೆ ಚಾಚಿದ್ದವು. ನಡುವಿನ ಕುರ್ಚಿಯಲ್ಲಿ ಒಬ್ಬ ಗಂಡಸು ಬೆನ್ನು ಹಾಕಿ ಕೂತಿದ್ದ.

"ನಿಂತಿರಲಿ ಬಿಡು," ಅಂದ ಅವನು. ಯಾರಿಗೋ!

"ಊಟ ಆಯ್ತಾ?" ಮತ್ತೆ ಅದೇ ದನಿ.

"ಇನ್ನೂ ಇಲ್ಲ."

ಅವಳು ಚೀರಿದಳು. ಚೀರಿದ ಸದ್ದು ಬಾಯಿಯಿಂದ ಹೊರಬಿದ್ದ ಕೂಡಲೇ ಸತ್ತುಹೋಯಿತು. ಗೋಡೆಗಳು ಅದನ್ನು ನುಂಗಿಬಿಟ್ಟಿದ್ದವು.

ಅವನು ತಿರುಗಿ ನೋಡಿದ. ದಣಿದ, ಆದರೆ ಮೃದುವಾದ ಕಣ್ಣುಗಳು. "ಅಯ್ಯೋ, ಹೆದರಿಬಿಟ್ರಾ? ಅದು ರೆಕಾರ್ಡಿಂಗ್. ಕಿವಿ ಪರೀಕ್ಷೆಗೆ ಮಾಡಿದ್ದು. ಒಂದು ವಾಕ್ಯ, ಆಮೇಲೆ ಸ್ವಲ್ಪ ಬಿಡುವು. ಬಂದವರು ಆ ಬಿಡುವಲ್ಲಿ ಕೇಳಿಸಿದ್ದನ್ನ ತಿರುಗಿ ಹೇಳಬೇಕು."

"ನೀವು ತಿರುಗಿ ಹೇಳ್ತಿರಲಿಲ್ಲ... ಉತ್ತರ ಕೊಡ್ತಿದ್ರಿ!"

ಅವನು ಕೈ ಚಾಚಿ ಸ್ಪೀಕರ್ ಆರಿಸಿದ.

"ಯಾರ ದನಿ ಅದು?"

"ಅವಳು ಈಗಿಲ್ಲ," ಅಂದನಷ್ಟೇ.

ಅವಳ ಬೆನ್ನುಮೂಳೆಯಲ್ಲಿ ತಣ್ಣನೆಯದೇನೋ ಹರಿದುಹೋಯಿತು. ಅದರ ಹಿಂದೆಯೇ ಇನ್ನೊಂದು ಯೋಚನೆಯೂ ಬಂತು. ಸಿಕ್ಕಿತು! ಕಥೆ ಸಿಕ್ಕಿತು!

ವಿಶ್ವವಿದ್ಯಾಲಯದ ಪ್ರಚಾರ ವಿಭಾಗದಲ್ಲಿ ಅವಳ ಕೆಲಸವೇ ಅದು. ಕ್ಯಾಂಪಸ್ಸಿನಲ್ಲಿ ಮನಸ್ಸು ಕರಗಿಸುವ ಜೀವಗಳನ್ನು ಹುಡುಕಿ ಪತ್ರಿಕೆಗಳಿಗೆ ಒಪ್ಪಿಸಬೇಕು. ಎಲ್ಲರೂ ಅವಳನ್ನು ಕರೆಯುವುದು 'ಕಥೆ ಮೇಡಂ' ಎಂದೇ. ಕಳುಹಿಸಿದ ಕಥೆಗಳೆಲ್ಲ ಇತ್ತೀಚೆಗೆ ಹಿಂದಕ್ಕೆ ಬರುತ್ತಿದ್ದವು. "ಇನ್ನೊಂದು ಸಲ ಹಿಂಗಾದ್ರೆ ನಿನ್ನ ಕೆಲಸ ಮುಂದುವರಿಸೋಕಾಗಲ್ಲಮ್ಮ," ಎಂದು ಮುಖ್ಯಸ್ಥೆ ಎಚ್ಚರಿಸಿದ್ದರು. ಆಗಲೇ ಕ್ಯಾಂಟೀನಿನಲ್ಲಿ ಯಾರೋ ಪಿಸುಗುಟ್ಟಿದ್ದರು: "ಧ್ವನಿ ಪ್ರಯೋಗಾಲಯದ ಮೌನಿ ಇದ್ದಾನಲ್ಲ, ಸತ್ತವರ ಜೊತೆ ಮಾತಾಡ್ತಾನಂತೆ!"

ಅವರ ವಿಭಾಗದ ರೂಢಿಯೊಂದಿತ್ತು. ಮೊದಲು ಪತ್ರಿಕೆಯವರನ್ನು ಒಪ್ಪಿಸು, ಆಮೇಲೆ ಕಥೆ ಯಾರದೋ ಅವರನ್ನು ಕೇಳು. ಅವಳು ಅಂದು ಸಂಜೆಯೇ ಸಂಪಾದಕರಿಗೆ ಬರೆದಳು: 'ಸದ್ದಿಲ್ಲದ ಕೋಣೆಯಲ್ಲಿ ತೀರಿಕೊಂಡ ಹೆಂಡತಿಯೊಂದಿಗೆ ದಿನವೂ ಮಾತಾಡುವ ತಂತ್ರಜ್ಞ.'

ಹೆಂಡತಿ ಎಂದು ಅವನೇನೂ ಹೇಳಿರಲಿಲ್ಲ. ಊಟ ಆಯಿತೇ ಎಂದು ಅಷ್ಟು ಪ್ರೀತಿಯಿಂದ ಇನ್ನಾರು ಕೇಳುತ್ತಾರೆ?

ಮರುದಿನವೂ ಹೋದಳು, ವಿವರ ಬೇಕೆಂದು. ಅದರ ಮರುದಿನ ಹೋದದ್ದು ಯಾಕೆಂದು ಅವಳಿಗೇ ಗೊತ್ತಿರಲಿಲ್ಲ.

ಅವನು ಮಾತು ಕಡಿಮೆ. ಅವನ ಪಕ್ಕದಲ್ಲಿ ಮಾತಾಡದೆ ಕೂತರೂ ಯಾರೋ ತನ್ನನ್ನು ಪೂರ್ತಿ ಕೇಳಿಸಿಕೊಂಡಂತೆ ಅನಿಸುತ್ತಿತ್ತು. ಆ ಕೋಣೆಯಲ್ಲಿ ತನ್ನ ರಕ್ತ ಹರಿಯುವುದೂ ಕೇಳುತ್ತದೆ, ಕಣ್ಣು ಮಿಟುಕಿಸುವುದೂ ಕೇಳುತ್ತದೆ. ಅವನು ಬಳಿ ಬಂದಾಗ ತನ್ನೆದೆ ಹೊಡೆದುಕೊಳ್ಳುವುದು ಅವನಿಗೂ ಕೇಳಿಸಿದರೆ ಗತಿಯೇನು ಎಂದು ಅವಳು ಉಸಿರು ಬಿಗಿಹಿಡಿಯುತ್ತಿದ್ದಳು.

"ಕೂತ್ಕೊಳ್ಳಿ, ನೀವೂ ಕೇಳಿ," ಎಂದು ಒಂದು ಮಧ್ಯಾಹ್ನ ಅವನು ತನ್ನ ಕುರ್ಚಿ ಬಿಟ್ಟುಕೊಟ್ಟ.

ಅವಳು ಕೂತಳು. ಸ್ಪೀಕರಿನಲ್ಲಿ ಉಸಿರೆಳೆದುಕೊಂಡ ಸದ್ದು.

"ನೀನು ನನ್ನ ಜಾಗದಲ್ಲಿ ಕೂತಿದ್ದೀಯ."

ಅವಳು ಕೆಂಡ ಮುಟ್ಟಿದವಳಂತೆ ಎದ್ದಳು. "ಇದು... ಇದೂ ಪರೀಕ್ಷೆಯ ವಾಕ್ಯವಾ?"

ಅವನ ಹುಬ್ಬು ಗಂಟಿಕ್ಕಿತು. "ಇರಬೇಕು. ನಾನು ಯಾವತ್ತೂ ಗಮನಿಸಿರಲಿಲ್ಲ..."

ಅಂದು ಮನೆಗೆ ನಡೆದುಹೋಗುವಾಗ ಬೀದಿಯ ಗದ್ದಲದಲ್ಲೂ ಆ ದನಿ ಅವಳ ಬೆನ್ನ ಹಿಂದೆಯೇ ಬರುತ್ತಿತ್ತು. ಹೆದರಿಕೆಗಿಂತ ದೊಡ್ಡದು ಇನ್ನೊಂದಿತ್ತು. ಹೊಟ್ಟೆಕಿಚ್ಚು! ಬದುಕಿರುವವಳಾದರೆ ಎದುರು ನಿಲ್ಲಬಹುದು. ಮುಪ್ಪಾಗದ, ಮುನಿಯದ, ದಿನವೂ ಊಟ ಆಯಿತೇ ಎಂದು ಕೇಳುವ ಈ ದನಿಯ ಎದುರು ತಾನು ಯಾವ ಲೆಕ್ಕ?

ಮರುದಿನ ಸಂಪಾದಕರ ಫೋನ್ ಬಂತು. "ಕಥೆ ಬಹಳ ಚೆನ್ನಾಗಿದೆ! ಭಾನುವಾರ ಇಡೀ ಪುಟ ಹಾಕ್ತೀವಿ. ಹೆಂಡತಿದು ಒಂದು ಫೋಟೋ ಕೊಡಿಸಿ."

ಮುಖ್ಯಸ್ಥೆ ಅವಳ ಬೆನ್ನು ತಟ್ಟಿದರು. ಅವಳು ಮಾತ್ರ ನಗಲಾರದೆ ಪ್ರಯೋಗಾಲಯಕ್ಕೆ ನಡೆದಳು.

"ಒಂದು ವಿಷಯ ಕೇಳಬೇಕಿತ್ತು," ಎಂದಳು ಅವನ ಬಳಿ ಹೋಗಿ. "ಪತ್ರಿಕೆಯವರು ನಿಮ್ಮ ಬಗ್ಗೆ ಬರೀತಾರಂತೆ. ನಿಮ್ಮ ಹೆಂಡತಿ ಫೋಟೋ..."

"ಯಾರ ಹೆಂಡತಿ?"

"ನಿಮ್ಮ... ಈ ದನಿ..."

"ಅದು ನಮ್ಮಕ್ಕ. ಅಮ್ಮ ಹೋದಮೇಲೆ ನನ್ನನ್ನ ಸಾಕಿದವಳು. ಇಲ್ಲೇ ಕೆಲಸ ಮಾಡ್ತಿದ್ಲು. ನನಗೆ ಮದುವೇನೇ ಆಗಿಲ್ಲ ಮೇಡಂ."

ಮದುವೆಯಾಗಿಲ್ಲ! ಅವಳ ಮನಸ್ಸು ಒಂದು ಕ್ಷಣ ನಾಚಿಕೆಯಿಲ್ಲದೆ ಕುಣಿಯಿತು. ಮರುಕ್ಷಣವೇ ಅವನ ಮುಖ ಕಂಡು ಕಲ್ಲಾಯಿತು.

"ಪತ್ರಿಕೆಗೆ ನೀವೇ ಬರೆದುಕೊಟ್ರಾ? ಯಾವಾಗ?"

"ಮೊದಲ ದಿನಾನೇ..."

"ಓಹ್." ಅವನ ದನಿ ಇಳಿಯಿತು. "ಹಾಗಾದ್ರೆ ನೀವು ದಿನಾ ಬರ್ತಿದ್ದಿದ್ದು ಕಥೆಗೆ. ನಾನೊಬ್ಬ ಪೆದ್ದ, ನನಗೋಸ್ಕರ ಅಂದ್ಕೊಂಡಿದ್ದೆ."

ಗೇಣು ದಪ್ಪದ ಬಾಗಿಲು ಸದ್ದೇ ಇಲ್ಲದೆ ಮುಚ್ಚಿಕೊಂಡಿತು.

ಕಚೇರಿಗೆ ಬಂದು ನಡೆದದ್ದನ್ನು ಹೇಳಿದಳು. ಮುಖ್ಯಸ್ಥೆ ತಲೆ ಎತ್ತಲಿಲ್ಲ. "ಅಕ್ಕ ಆದ್ರೂ ಪರವಾಗಿಲ್ಲ ಬಿಡು. ಹೆಂಡತಿ ಆಗಿದ್ರೆ ಇನ್ನೂ ಚೆನ್ನಾಗಿತ್ತು."

"ಅವರಿಗೆ ಇಷ್ಟ ಇಲ್ಲ ಮೇಡಂ."

"ಪುಟದಲ್ಲಿ ಮುಖ ನೋಡಿದಮೇಲೆ ಎಲ್ಲರಿಗೂ ಇಷ್ಟ ಆಗತ್ತೆ."

ಅವಳು ಅಲ್ಲೇ ನಿಂತು ಸಂಪಾದಕರಿಗೆ ಫೋನ್ ಮಾಡಿದಳು. "ಸರ್, ಆ ಕಥೆ ಬೇಡ. ಹೆಂಡತಿ ಅನ್ನೋದು ನಾನೇ ಕಟ್ಟಿದ್ದು. ಅವರನ್ನ ಕೇಳದೆ ನಿಮಗೆ ಮಾರಿದೆ."

ಮುಖ್ಯಸ್ಥೆಯ ಮುಖ ಕೆಂಪೇರಿತು. "ಕೈಗೆ ಬಂದದ್ದನ್ನ ಹಾಳು ಮಾಡಿದ್ಯಲ್ಲೇ! ನಾಳೆಯಿಂದ ಕಥೆ ಗಿಥೆ ಬೇಡ. ಘಟಿಕೋತ್ಸವದ ಲಕೋಟೆಗಳಿಗೆ ಅಂಟು ಹಚ್ಚು. ತಿಂಗಳ ಕೊನೆಗೆ ಹೊರಡು!"

ಅವಳು ಓಡಿದಳು. ಪ್ರಯೋಗಾಲಯದೊಳಗಿನ ಆ ಕೋಣೆಯ ಬಾಗಿಲು ಹಾಕಿತ್ತು. ಅವನು ಒಳಗಿದ್ದಾನೆಂದು ಕೆಂಪು ದೀಪ ಹೇಳುತ್ತಿತ್ತು. ಬಡಿದರೆ ಕೇಳದು, ಕೂಗಿದರೆ ಕೇಳದು.

ಹೊರಗಿನ ಮೇಜಿನ ಮೇಲೆ ಪರೀಕ್ಷಕರ ಮೈಕ್ ಇತ್ತು. ಗುಂಡಿ ಒತ್ತಿ ಮಾತಾಡಬೇಕು, ಬಿಟ್ಟರೆ ಒಳಗಿನದು ಕೇಳುತ್ತದೆ.

"ಕಥೆ ವಾಪಸ್ ತಗೊಂಡೆ," ಎಂದು ಬೆರಳು ಎತ್ತಿದಳು.

ಮೌನ. ಬಾವಿಯಂಥ ಮೌನ.

"ಕೆಲಸ ಹೋಯ್ತು. ಅದಕ್ಕೆ ಅಳ್ತಿಲ್ಲ."

ಮೌನ. ಅದರ ತಳದಲ್ಲೆಲ್ಲೋ ಉಸಿರಾಟ. ಒಬ್ಬರದೋ... ಇಬ್ಬರದೋ? ಅವಳ ತೋಳಿನ ರೋಮಗಳು ನಿಂತವು. ಆದರೂ ಬೆರಳು ಮತ್ತೆ ಗುಂಡಿಯ ಮೇಲಿಳಿಯಿತು.

"ಮೊದಲ ದಿನ ಕಥೆಗೇ ಬಂದಿದ್ದು, ನಿಜ. ಆಮೇಲೆ ನಿಮಗೋಸ್ಕರ ಬಂದೆ. ಹೆಂಡತಿ ಅಂತ ನಾನೇ ಬರೆದು, ನಾನೇ ನಂಬಿ, ನಿಮ್ಮಕ್ಕನ ಮೇಲೆ ಹೊಟ್ಟೆ ಉರ್ಕೊಂಡೆ. ಅಕ್ಕಾ, ನೀವು ಕೇಳಿಸ್ಕೊಳ್ತಿದ್ರೆ... ನಿಮ್ಮ ತಮ್ಮನ್ನ ನನಗೆ ಬಿಟ್ಟುಕೊಡಿ. ಊಟ ಆಯ್ತಾ ಅಂತ ಇನ್ಮೇಲೆ ನಾನು ಕೇಳ್ತೀನಿ."

ಬೆರಳು ಎತ್ತಿದಳು.

ಕೆಂಪು ದೀಪ ಆರಿತು. ಬಾಗಿಲು ತೆರೆಯಿತು. ಅವನ ಕಣ್ಣುಗಳು ಒದ್ದೆಯಾಗಿದ್ದವು, ತುಟಿಯಲ್ಲಿ ನಗು.

"ಒಳಗೆ ರೆಕಾರ್ಡಿಂಗ್ ನಿಲ್ಲಿಸಿದ್ದೆ," ಅಂದ. "ಇವತ್ತು ಮಧ್ಯಾಹ್ನದಿಂದ ಅಕ್ಕ ಒಂದು ಮಾತೂ ಆಡಿಲ್ಲ. ಈಗ ಮಾತಾಡಿದ್ದು ನೀವೊಬ್ಬರೇ."

"ಮತ್ತೆ ಆ ಇನ್ನೊಂದು ಉಸಿರು..."

"ನಿಮಗೂ ಕೇಳಿಸ್ತಾ?"

ಇಬ್ಬರೂ ಕತ್ತಲ ಕೋಣೆಯತ್ತ ತಿರುಗಿದರು. ಅವನು ನಿಧಾನವಾಗಿ ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

"ಇದನ್ನೂ ಯಾರಿಗಾದ್ರೂ ಬರೆದುಕೊಡ್ತೀರಾ, ಕಥೆ ಮೇಡಂ?"

"ಯಾರಿಗೂ ಇಲ್ಲ." ಸ್ವಲ್ಪ ತಡೆದು ಅಂದಳು, "ಒಬ್ಬರಿಗೆ ಮಾತ್ರ ಹೇಳಲೇಬೇಕು. ನಮ್ಮಮ್ಮಂಗೆ."

"ಏನಂತ?"

"ಹುಡುಗ ಸಿಕ್ಕಿದ್ದಾನೆ ಅಂತ... ಅವನನ್ನ ಕೇಳಿಯೇ ಹೇಳ್ತಿದ್ದೀನಿ ಅಂತ."

"ಕೇಳಿಲ್ವಲ್ಲ ಇನ್ನೂ?"

ಅವಳು ಮುಖ ಎತ್ತಿದಳು. "ಕೇಳ್ತಿದ್ದೀನಿ. ಹೇಳ್ಲಾ?"

"ಹೇಳು," ಅಂದ ಅವನು.